ಕೊಂದವನನ್ನು ಹನ್ನೆರಡನೇ ನಿಮಿಷಕ್ಕೇ ತೋರಿಸಿ ಥ್ರಿಲ್ಲರ್ ಮಾಡಿದ್ದು: ನನ್ನ ಅನುಭವ

ಕೊಂದವನು ಅಣ್ಣ ಅಂತ ಹನ್ನೆರಡನೇ ನಿಮಿಷಕ್ಕೇ ತೋರಿಸಿಬಿಟ್ಟರೆ ಉಳಿದ ಒಂದೂವರೆ ಗಂಟೆ ಯಾರು ಕೂರುತ್ತಾರೆ? ಕಥೆ ಕೇಳಿದ ನಿರ್ಮಾಪಕರೆಲ್ಲ ಇದನ್ನೇ ಕೇಳಿ, ಕಾಫಿ ಕುಡಿಸಿ ಕಳಿಸಿದರು. ಕೊನೆಯಲ್ಲೊಂದು ಟ್ವಿಸ್ಟ್ ಇಟ್ಟರೆ ದುಡ್ಡು ಹಾಕುತ್ತೇವೆ ಅಂದವರೂ ಇದ್ದರು. ಇಡಲಿಲ್ಲ. ಕರ್ಣ ಯಾರ ಮಗ ಅಂತ ಊರಿಗೆಲ್ಲ ಗೊತ್ತಿದ್ದರೂ ಬಯಲಾಟದಲ್ಲಿ ಕರ್ಣಪರ್ವಕ್ಕೆ ಕೂತ ಜನ ಬೆಳಗಿನವರೆಗೆ ಏಳುವುದಿಲ್ಲ. ಗೊತ್ತಿಲ್ಲದಿರುವುದು ಕೊಂದ ತಮ್ಮ ಅರ್ಜುನನಿಗೆ. ತರ್ಪಣ ಬಿಡುವ ಹೊತ್ತಿಗೆ ಕುಂತಿ ಬಾಯಿ ಬಿಟ್ಟ ಮೇಲಷ್ಟೇ ಪಾಂಡವರಿಗೆ ತಿಳಿಯುವುದು. ನಮ್ಮ ಚಿತ್ರ ನಿಂತದ್ದೂ ಅದೇ ಲೆಕ್ಕದ ಮೇಲೆ. ಮೊದಲ ಪ್ರತಿಗೆ, ಅಂದರೆ ಪೂರ್ತಿ ತಯಾರಾದ ಚಿತ್ರಕ್ಕೆ, ಹೆಚ್ಚುಕಡಿಮೆ 38 ಲಕ್ಷ ಬಿತ್ತು. ಅಸಲು ಬಂತು, ಬಡ್ಡಿ ಬರಲಿಲ್ಲ. ಈ ಬಜೆಟ್ಟಿನಲ್ಲಿ ಅಸಲಿನ ಮುಖ ಕಂಡವರು ಎಷ್ಟು ಜನ ಇದ್ದೀರಿ, ಹೇಳಿ.

ಕಥೆ ಇಷ್ಟು. ಹಿರಿಯೂರು ಕಡೆಯ ಒಣಭೂಮಿ, ಆರು ಎಕರೆ, ಒಂದು ಕೃಷಿ ಹೊಂಡ. ರಾತ್ರಿ ಜಗಳದಲ್ಲಿ ಅಣ್ಣ ಅಪ್ಪನನ್ನು ಹೊಂಡಕ್ಕೆ ನೂಕುತ್ತಾನೆ. ತಮ್ಮ ದಡದಲ್ಲಿ ಟ್ರಾಕ್ಟರ್ ಟ್ಯೂಬು ಹಿಡಿದು ನಿಂತಿದ್ದಾನೆ, ಎಸೆಯುವುದಿಲ್ಲ. ಪಾಪಪ್ರಜ್ಞೆ ಅಣ್ಣನದ್ದಲ್ಲ, ತಮ್ಮನದ್ದು.

ಇದಕ್ಕೆ ಎಂಜಿನ್ ಸಿಕ್ಕಿದ್ದು ಕಾನೂನಿನಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಪ್ರಕಾರ ಕೊಂದವನು ಸತ್ತವನ ಆಸ್ತಿಗೆ ವಾರಸುದಾರನಾಗುವಂತಿಲ್ಲ. ಅವನು ಮೊದಲೇ ಸತ್ತಿದ್ದ ಅಂತ ಲೆಕ್ಕ ಹಿಡಿದು ಉಳಿದವರಿಗೆ ಹಂಚುತ್ತಾರೆ. ಆರು ಎಕರೆ, ತಾಯಿ ಮತ್ತು ಇಬ್ಬರು ಗಂಡುಮಕ್ಕಳು ಅಂದರೆ ತಲಾ ಎರಡು. ಅಣ್ಣ ಸಿಕ್ಕಿಬಿದ್ದರೆ ತಮ್ಮನಿಗೆ ಮೂರು. ಅಂದರೆ ತಮ್ಮ ನಿಜ ಹೇಳಿದರೆ ಒಂದು ಎಕರೆ ಲಾಭ. ನಿಜ ಹೇಳಿದರೂ ಊರು ಅದನ್ನು ಜಮೀನಿನ ಆಸೆ ಅನ್ನುತ್ತದೆ, ಸುಮ್ಮನಿದ್ದರೆ ಅಪ್ಪನ ಶವ ಎದುರಿಗೆ ಬರುತ್ತದೆ. ಚಿತ್ರಕಥೆ ಇಲ್ಲಿಂದ ತಾನಾಗಿಯೇ ಓಡಿತು. ಬರೆಯುವವರು ಗಮನಿಸಬೇಕಾದ್ದೊಂದಿದೆ: ಜಮೀನು ಅಪ್ಪನ ಸ್ವಯಾರ್ಜಿತವೇ ಆಗಿರಬೇಕು. ಪಿತ್ರಾರ್ಜಿತ ಅಂತ ಬರೆದರೆ ಹುಟ್ಟಿನಿಂದ ಬಂದ ಪಾಲು ಈ ಕಲಮಿನಿಂದ ಹೋಗುವುದಿಲ್ಲ, ಗಂಟು ಸಡಿಲ. ಅಣ್ಣನಿಗೆ ಮದುವೆ ಮಾಡಿಸಲಿಲ್ಲ, ತಂಗಿಯನ್ನೂ ಇಡಲಿಲ್ಲ, ಲೆಕ್ಕ ಪ್ರೇಕ್ಷಕನ ಬೆರಳಲ್ಲೇ ನಿಲ್ಲಬೇಕು. ವಕೀಲರಿಂದ ಒಂದು ಸಲ ಓದಿಸಿದ್ದಕ್ಕೆ ಐದು ಸಾವಿರದೊಳಗೆ ಮುಗಿಯಿತು. ಇಡೀ ಚಿತ್ರದಲ್ಲಿ ಅತಿ ಅಗ್ಗದ ಖರ್ಚು ಅದು.

ಬರವಣಿಗೆಗೆ ಒಂದೇ ಉಪಕರಣ, ಐದು ಕಾಲಂನ ಹಾಳೆ: ಅಣ್ಣ, ತಮ್ಮ, ತಾಯಿ, ಸಬ್‌ಇನ್‌ಸ್ಪೆಕ್ಟರ್, ಪ್ರೇಕ್ಷಕ. ಪ್ರತಿ ದೃಶ್ಯದ ಕೊನೆಗೆ ಯಾರಿಗೆ ಏನು ಹೊಸದಾಗಿ ಗೊತ್ತಾಯಿತು ಅಂತ ತುಂಬಬೇಕು. ಯಾವ ಕಾಲಮ್ಮೂ ಬದಲಾಗದ ದೃಶ್ಯಕ್ಕೆ ಕತ್ತರಿ, ಅದೆಷ್ಟೇ ಚೆನ್ನಾಗಿರಲಿ. ತೊಂಬತ್ತರ ಆಸುಪಾಸಿನಲ್ಲಿದ್ದ ದೃಶ್ಯಗಳು ಅರವತ್ತಕ್ಕೆ ಇಳಿದವು. ಪ್ರೇಕ್ಷಕ ಪೊಲೀಸರಿಗಿಂತ ಸದಾ ಮುಂದೆ, ತಾಯಿಗಿಂತ ಮಾತ್ರ ಒಂದು ಕಡೆ ಹಿಂದೆ. ಅದನ್ನು ಎಲ್ಲಿಟ್ಟೆವು ಅಂತ ಬರೆಯುವುದಿಲ್ಲ, ನೋಡದವರು ಇನ್ನೂ ಇದ್ದಾರೆ.

ವಿಧಿ ಅನ್ನುವುದನ್ನು ಬಾಯಲ್ಲಿ ಹೇಳಿಸಿದರೆ ಹರಿಕಥೆಯಾಗುತ್ತದೆ. ನಾವು ಇಟ್ಟುಕೊಂಡ ನಿಯಮ: ಆಕಸ್ಮಿಕ ಒಂದೇ, ಅದೂ ಮೊದಲ ಕಾಲುಭಾಗದಲ್ಲಿ, ಅದರಿಂದ ಯಾರಿಗೂ ಸಹಾಯ ಆಗಕೂಡದು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ರಾತ್ರಿ ಪಾಳಿ ಬಂದರೆ ರೈತ ಏಳಲೇಬೇಕು. ಅವತ್ತು ಬೆಳಗಿನ ಪಾಳಿ ಇರಬೇಕಿತ್ತು, ಕರೆಂಟು ಎರಡು ಗಂಟೆಗೇ ಬಂತು, ಆಟೋ ಸ್ಟಾರ್ಟರ್ ಟಕ್ ಅಂದು ಮೋಟಾರು ಹತ್ತಿತು, ಅಪ್ಪ ಟಾರ್ಚ್ ಹಿಡಿದು ನೀರು ತಿರುಗಿಸಲು ಹೋದ. ಇಬ್ಬರು ಅಣ್ಣತಮ್ಮಂದಿರು ಅಲ್ಲಿದ್ದರು. ಅಷ್ಟೇ ವಿಧಿ. ಸ್ಟಾರ್ಟರಿನ ಆ ಟಕ್ ಶಬ್ದ ಆಮೇಲೆ ಯಾವಾಗ ಬಂದರೂ ಥಿಯೇಟರಿನಲ್ಲಿ ಜನ ಮೈ ಹಿಡಿ ಮಾಡಿಕೊಳ್ಳುತ್ತಿದ್ದರು. ಆ ಶಬ್ದಕ್ಕೆ ಲೈಬ್ರರಿ ಎಫೆಕ್ಟ್, ಅಂದರೆ ರೆಡಿಮೇಡ್ ಶಬ್ದ, ಬಳಸಬೇಡಿ. ನಿಜವಾದ ಸ್ಟಾರ್ಟರ್ ಬಾಕ್ಸಿನ ಒಳಗೆ ಮೈಕಿಟ್ಟು ತೆಗೆದದ್ದೇ ಬೇರೆ.

ಈಗ ಹೊಂಡ. ಹನ್ನೆರಡು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳ, ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಅಳತೆಗಳಲ್ಲಿ ಒಂದು. ಒಳಗೆ ಕಪ್ಪು ಪ್ಲಾಸ್ಟಿಕ್ ಶೀಟು, ಇಳಿಜಾರು ಒಂದಕ್ಕೆ ಒಂದು, ಅಂದರೆ ಮೀಟರ್ ಆಳಕ್ಕೆ ಗೋಡೆ ಒಂದು ಮೀಟರ್ ಒಳಕ್ಕೆ. ತುಂಬಿದರೆ ಎರಡೂವರೆ ಲಕ್ಷ ಲೀಟರ್. ತುಂಬಿದ ಹೊಂಡದಲ್ಲಿ ಚಿತ್ರೀಕರಣ ಸಾಧ್ಯವೇ ಇಲ್ಲ: ಪಾಚಿ ಹಿಡಿದ ಶೀಟಿನ ಮೇಲೆ ಈಜು ಬಲ್ಲವನೂ ಹತ್ತಿ ಬರಲಾರ, ರೈತರು ಸಾಯುವುದು ಹಾಗೆಯೇ. ಖಾಲಿ ಹೊಂಡಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಸೋಣ ಅಂದರೆ ಎದೆಮಟ್ಟಕ್ಕೇ ಆರು ಸಾವಿರ ಲೀಟರಿನವು ಹನ್ನೆರಡು ಬೇಕು. ಅದಕ್ಕೆ ಉಲ್ಟಾ ಮಾಡಿದೆವು. ಐದು ಎಚ್‌ಪಿ ಮೋಟಾರು ಹಚ್ಚಿ ಒಂದು ರಾತ್ರಿ ನೀರನ್ನು ಪಕ್ಕದ ದಾಳಿಂಬೆಗೆ ಬಿಟ್ಟು ಎದೆಮಟ್ಟ, ಅಂದರೆ 1.3 ಮೀಟರಿಗೆ ಇಳಿಸಿದೆವು. ಉಳಿದದ್ದು ಎಪ್ಪತ್ತು ಸಾವಿರ ಲೀಟರ್ ಇರಬಹುದು. ನಟ ತಳದಲ್ಲಿ ಕಾಲೂರಿ ಮಂಡಿ ಮಡಚಿದರೆ ಮುಳುಗಿದಂತೆ, ನಿಂತರೆ ಬದುಕಿದಂತೆ. ಅದಕ್ಕಿಂತ ಹೆಚ್ಚಿನ ಲಾಭ, ನೀರು ಇಳಿದ ಮೇಲೆ ಬಯಲಾದ ಕಪ್ಪು ಗೋಡೆ ಎಂಟಡಿ ಉದ್ದದ ಜಾರುಬಂಡೆಯಾಗಿ ಫ್ರೇಮಿನ ಮುಕ್ಕಾಲು ತುಂಬಿತು. ಹತ್ತಲು ಆಗುವುದಿಲ್ಲ ಅಂತ ಯಾರೂ ಬಾಯಲ್ಲಿ ಹೇಳಬೇಕಾಗಲಿಲ್ಲ.

ನಾಲ್ಕೂ ಬದಿಗೆ ಅಡಿಗೊಂದು ಗಂಟು ಹಾಕಿದ ಹಗ್ಗ, ಇಬ್ಬರು ಈಜುಗಾರರು ಫ್ರೇಮಿನ ಆಚೆ, ನಟನ ಬಟ್ಟೆಯೊಳಗೆ ವೆಟ್‌ಸೂಟ್. ಹಗ್ಗಕ್ಕೆ ಕಪ್ಪು ಬಣ್ಣ ಹಾಕಿ ನೀರಿನೊಳಗೆ ಅದ್ದಿಟ್ಟೆವು, ಆದರೂ ಒಣಗಿದ ಭಾಗ ಬೂದು ಬಣ್ಣಕ್ಕೆ ತಿರುಗಿ ಟೇಕಿನಲ್ಲಿ ಕಾಣುತ್ತಿತ್ತು. ಪ್ರತಿ ಟೇಕಿಗೆ ಮುಂಚೆ ನೀರು ಚಿಮುಕಿಸಲು ಒಬ್ಬ ಹುಡುಗನೇ ಬೇಕಾಯಿತು. ನೀರೊಳಗಿನ ಶಾಟ್ ಹೊಂಡದಲ್ಲಿ ಆಗುವುದಿಲ್ಲ, ಒಂದು ಗೇಣಿನಾಚೆ ಏನೂ ಕಾಣದು. ಅದನ್ನು ಸಾವಿರ ಲೀಟರ್ ತೊಟ್ಟಿಗೆ ಕಪ್ಪು ಟಾರ್ಪಾಲು ಹೊದಿಸಿ, ನೀರಿಗೆ ಟೀ ಡಿಕಾಕ್ಷನ್ ಸೇರಿಸಿ ತೆಗೆದೆವು. ಹೊಂಡದ ಹಸಿರುಗಂದು ಬಣ್ಣಕ್ಕೆ ಹಾಲಿಲ್ಲದ ಟೀಯಷ್ಟು ಸರಿಹೊಂದುವುದು ಬೇರೆ ಸಿಗಲಿಲ್ಲ. ಫುಡ್ ಕಲರ್ ಹಾಕಿದ್ದು ಲೈಟು ಬಿದ್ದೊಡನೆ ಪಾನಕದಂತೆ ಹೊಳೆಯಿತು.

ಇನ್ನೊಂದು ಸಾಮಾನ್ಯ ತಪ್ಪು: ಬೆಳಗಾಗುವಷ್ಟರಲ್ಲಿ ಹೆಣ ತೇಲಿಸುವುದು. ಮುಳುಗಿ ಸತ್ತ ದೇಹ ಮೊದಲು ತಳ ಸೇರುತ್ತದೆ, ನಮ್ಮ ಬಿಸಿಲಿನಲ್ಲೂ ಮೇಲೆ ಬರಲು ಒಂದೆರಡು ದಿನ ಬೇಕು. ಹಾಗಾಗಿ ಹುಡುಕಬೇಕು, ಹುಡುಕಲು ಪಾತಾಳಗರಡಿ, ಅಂದರೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಕೊಂಡಿಗಳ ಗೊಂಚಲು. ಅದನ್ನು ಇಳಿಬಿಡುವ ಕೆಲಸ ತಮ್ಮನ ಕೈಗೆ ಕೊಟ್ಟೆವು. ಕೊಂಡಿ ಶೀಟಿಗೆ ಸಿಕ್ಕಿದಾಗ ಹಗ್ಗ ಬಿಗಿಯುತ್ತದೆ, ಬಟ್ಟೆಗೆ ಸಿಕ್ಕಿದಾಗ ಮೆತ್ತಗೆ ಎಳೆಯುತ್ತದೆ. ನಟನಿಗೆ ಮೊದಲು ತುಂಬಿದ ಗೋಣಿಚೀಲದ ಮೇಲೆ ಅಭ್ಯಾಸ ಮಾಡಿಸಿ ಆ ವ್ಯತ್ಯಾಸ ಅಂಗೈಗೆ ಗೊತ್ತಾಗುವಂತೆ ಮಾಡಿದೆವು. ಆ ಶಾಟಿನಲ್ಲಿ ಕ್ಯಾಮೆರಾ ಇದ್ದದ್ದು ಕೈಯ ಮೇಲೆ, ಮುಖದ ಮೇಲಲ್ಲ.

ರಕ್ತ ಕಮ್ಮಿ. ಬೇಕರಿಗೆ ಮಾರುವ ಲಿಕ್ವಿಡ್ ಗ್ಲೂಕೋಸ್ ಅರ್ಧ ಕೆಜಿ, ಕೆಂಪು ಫುಡ್ ಕಲರ್, ಎರಡು ಚಮಚ ಕೋಕೋ ಪುಡಿ, ಒಂದು ಹನಿ ನೀಲಿ. ಹಳದಿ ಬಲ್ಬಿನ ಕೆಳಗೆ ಕೆಂಪು ಕಿತ್ತಳೆಯಾಗುತ್ತದೆ, ಅಲ್ಲಿ ಕೋಕೋ ಒಂದು ಚಮಚ ಹೆಚ್ಚು. ಸಿಹಿಗೆ ಇರುವೆ ಮುತ್ತುತ್ತದೆ. ಇರುವೆ ಬರದಂತೆ ಸೇರಿಸಿದ ವಸ್ತು ಮೇಕಪ್‌ನವರ ಗುಟ್ಟು, ಬಿಟ್ಟುಕೊಡಲು ಒಪ್ಪಲಿಲ್ಲ.

ಕಮ್ಮಿ ಬೆಳಕಿಗೆ ಸೋನಿ ಎಫ್‌ಎಕ್ಸ್3 ಕ್ಯಾಮೆರಾ, ರಾತ್ರಿ ಎಲ್ಲ 12,800 ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) ಮೇಲೆ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಮನೆಯೊಳಗೆ ಮನೆಯದ್ದೇ ಬಲ್ಬು. ಅಗ್ಗದ ಎಲ್‌ಇಡಿಗೆ ಡಿಮ್ಮರ್ ಹಾಕಿದರೆ ಮಿನುಗುತ್ತದೆ, ಬದಲಿಗೆ ಹಳೇ ಪಂಚೆಯ ತುಂಡು ಸುತ್ತಿ ಬೆಳಕು ಇಳಿಸಿ. ಚಂದ್ರನ ಬೆಳಕಿಗಾಗಿ ಬಿದಿರಿಗೆ ಹನ್ನೆರಡಡಿ ಬಿಳಿ ಬಟ್ಟೆ ಕಟ್ಟಿದ ಪ್ರಯೋಗ ಆಷಾಢದ ಗಾಳಿಗೆ ಹಾರಿಹೋಯಿತು, ಬಟ್ಟೆಯ ಜೊತೆ ಸ್ಟ್ಯಾಂಡೂ. ಚಿತ್ರದುರ್ಗದ ಕಡೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಆಮೇಲೆ ಏನು ಮಾಡಿದೆವು ಎಂಬುದು ಛಾಯಾಗ್ರಾಹಕನ ಅನ್ನ, ಅವನನ್ನೇ ಕೇಳಿ. ಅದೇ ಗಾಳಿ ಸಿಂಕ್ ಸೌಂಡನ್ನೂ, ಅಂದರೆ ಸ್ಥಳದಲ್ಲೇ ಹಿಡಿದ ಮಾತನ್ನೂ, ತಿಂದಿತು. ಬೂಮಿಗೆ (ಕೋಲಿನ ತುದಿಯ ಮೈಕಿಗೆ) ತುಪ್ಪಳದ ಕವರ್ ಸಾಲಲಿಲ್ಲ, ಕೊರಳ ಮೈಕುಗಳನ್ನು ಬನಿಯನ್ನಿನ ಒಳಗೆ ಅಂಟಿಸಿದ ಮೇಲೆ ಉಸಿರು ಸಿಕ್ಕಿತು. ಹೊರಗಿನ ಮಾತು ಮೂರನೇ ಒಂದು ಭಾಗ ಡಬ್ಬಿಂಗೇ, ಲಕ್ಷದ ಮೇಲೆ ಹೆಚ್ಚಿಗೆ ಬಿತ್ತು.

ಪಾಪಪ್ರಜ್ಞೆಗೆ ಬರೆದ ಸ್ವಗತಗಳೆಲ್ಲ ಎಡಿಟಿಂಗಿನಲ್ಲಿ ಹೋದವು. ಉಳಿದದ್ದು ಕೆಲಸಗಳು: ತಮ್ಮ ಅಪ್ಪನ ಪಾಳಿಗೆ ಏಳುತ್ತಾನೆ, ಅಪ್ಪನ ಚಪ್ಪಲಿಯನ್ನು ದಾಟಿಯೇ ಹೋಗುತ್ತಾನೆ, ಸರಿಸುವುದಿಲ್ಲ. ನಮ್ಮ ರಕ್ಷಣೆಯ ಹಗ್ಗಗಳೇ ಕಥೆಗೆ ಬಂದವು. ಸಾವಾದ ಮೇಲೆ ಅವನು ಹೊಂಡದ ಸುತ್ತ ಹಗ್ಗ ಇಳಿಬಿಡುತ್ತಾನೆ. ಸಬ್‌ಇನ್‌ಸ್ಪೆಕ್ಟರ್ ಒಂದು ಹಗ್ಗ ಎಳೆದು ನೋಡಿ, "ಏನಪ್ಪಾ, ಗಂಟು ಚೆನ್ನಾಗಿ ಹಾಕ್ತೀಯ. ಮೊದಲೇ ಯಾಕೆ ಹಾಕ್ಲಿಲ್ಲ?" ಅನ್ನುತ್ತಾನೆ. ಅಷ್ಟೇ ಕೇಳಿ ಹೋಗುತ್ತಾನೆ. ತಿಥಿಯ ದಿನ ಎಡೆಗೆ ಕಾಗೆ ಬರಬೇಕಿತ್ತು. ಪ್ರಾಣಿಪಕ್ಷಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ, ಅದರ ಓಡಾಟ. ಕಾಗೆಯನ್ನು ತೋರಿಸಲೇ ಇಲ್ಲ. ದೂರದಲ್ಲೊಂದು ಕೂಗು, ಎಲ್ಲರೂ ತಲೆ ಎತ್ತುತ್ತಾರೆ, ಕಟ್. ಎಲೆ ಹಾಗೇ ಇದೆ.

ಪೊಲೀಸ್ ಭಾಗ ಹಳೇ ಚಿತ್ರಗಳನ್ನು ನೋಡಿ ಬರೆಯಬೇಡಿ. 2024ರ ಜುಲೈ 1ರ ನಂತರದ ಕಥೆಯಾದರೆ ಕೊಲೆಗೆ ಹಳೇ ಐಪಿಸಿಯ 302 ಇಲ್ಲ, ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 103. ಅಸಹಜ ಸಾವಿನ ತನಿಖೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) 194, ಠಾಣೆಯವರ ಬಾಯಲ್ಲಿ ಯುಡಿಆರ್. ಪಂಚರ ಮುಂದೆ ತಮ್ಮ ಸುಳ್ಳು ಹೇಳುವಲ್ಲಿ ಅವನ ಮೇಲೆ ಬಿಎನ್‌ಎಸ್ 238 ಬೀಳುತ್ತದೆ, ಅಪರಾಧಿಯನ್ನು ಉಳಿಸಲು ಸಾಕ್ಷ್ಯ ಮುಚ್ಚುವ, ಸುಳ್ಳು ಹೇಳುವ ಕಲಂ ಅದು. ಆರೋಪಿಗೆ ಆಸರೆ ಕೊಡುವ ಕಲಮಿನಲ್ಲಿ ಗಂಡಹೆಂಡತಿಗೆ ವಿನಾಯಿತಿ ಇದೆ, ಒಡಹುಟ್ಟಿದವರಿಗೆ ಇಲ್ಲ. ಇದನ್ನು ಒಂದೇ ಸಾಲಿನಲ್ಲಿ ಠಾಣೆಯ ರೈಟರ್ ಬಾಯಲ್ಲಿ ಹೇಳಿಸಿದೆವು.

ಚಿತ್ರೀಕರಣ ಕಥೆಯ ಕ್ರಮದಲ್ಲೇ. ಮ್ಯಾನೇಜರ್ ತಲೆ ಚಚ್ಚಿಕೊಂಡ. ಒಂದು ಮನೆ, ಒಂದು ಹೊಂಡ, ಒಂದು ಠಾಣೆ ಇದ್ದಾಗ ಕ್ರಮ ಬದಲಿಸಿ ಉಳಿಯುವುದು ಕಮ್ಮಿ; ಕಲಾವಿದರ ಡೇಟಿಗೆ ಎರಡು ಲಕ್ಷ ಹೆಚ್ಚಾಯಿತು, ಗಡ್ಡ ಮತ್ತು ಸೊರಗಿದ ಮುಖ ಪುಕ್ಕಟೆ ಬಂತು.

ಬೀಡಿ ಬೇಡ. ತಂಬಾಕು ಕಂಡೊಡನೆ ಕೆಳಗೆ ಎಚ್ಚರಿಕೆಯ ಅಕ್ಷರ ಬರಲೇಬೇಕು, ಕತ್ತಲೆ ಫ್ರೇಮಿನಲ್ಲಿ ಆ ಎಚ್ಚರಿಕೆಯೇ ಅತಿ ಪ್ರಕಾಶದ ವಸ್ತು. ಅಣ್ಣನಿಗೆ ಬರೀ ಎಲೆಅಡಿಕೆ ಕೊಟ್ಟೆವು. ಸೆನ್ಸಾರ್ ಪ್ರಮಾಣಪತ್ರ ಯುಎ 16+ (ಹದಿನಾರರೊಳಗಿನವರಿಗೆ ಪೋಷಕರ ಮಾರ್ಗದರ್ಶನ) ಸಿಕ್ಕಿತು, ನೂಕುವ ಶಾಟ್ ಉಳಿಯಿತು.

ಕೊನೆಗೆ ಶೀಟಿನ ಲೆಕ್ಕ. ಟ್ರೈಪಾಡಿನ ಮೊಳೆ ಮತ್ತು ಪಾತಾಳಗರಡಿ ಎರಡೂ ಪ್ಲಾಸ್ಟಿಕ್ಕಿಗೆ ತೂತು ಹಾಕುತ್ತವೆ, ಒಂದು ತೂತು ಸಾಕು ಹೊಂಡ ಬರಿದಾಗಲು. ಟ್ರೈಪಾಡಿನ ಕಾಲಿಗೆ ಹಳೇ ಟೆನಿಸ್ ಬಾಲ್ ಸಿಕ್ಕಿಸಿ, ಕೊಂಡಿಯ ತುದಿ ಮೊಂಡಾಗುವಂತೆ ಉಜ್ಜಿಸಿ. ಬಿಸಿಗಾಳಿ ಬೆಸುಗೆಯವರು ಬಂದು ತೇಪೆ ಹಾಕಿದ್ದಕ್ಕೆ ಎಂಟೊಂಬತ್ತು ಸಾವಿರ, ನೀರು ಹೋದದ್ದಕ್ಕೆ ರೈತರಿಗೆ ಬೇರೆ. ಇದನ್ನು ಬಾಡಿಗೆ ಪತ್ರದಲ್ಲೇ ಬರೆಸಿಕೊಳ್ಳಿ, ಶೂಟಿಂಗ್ ಮುಗಿದ ಮೇಲೆ ಮಾತಿಗೆ ಕೂತರೆ ಮೂರು ಪಟ್ಟಾಗುತ್ತದೆ.