ಎಕ್ಸ್2 ಮಿಲ್ಲು ಗಟ್ಟಿಯಾದ ಬಗೆ: ಮೊದಲು ಕಾಲಮ್, ಆಮೇಲೆ ಬೇರಿಂಗ್, ಕೊನೆಗೆ ಮೋಟಾರು

10 ಮಿ.ಮೀ. ನಾಲ್ಕು ಹಲ್ಲಿನ ಎಚ್.ಎಸ್.ಎಸ್. (ಹೈಸ್ಪೀಡ್ ಸ್ಟೀಲ್) ಎಂಡ್‌ಮಿಲ್, 800 ಆರ್.ಪಿ.ಎಂ., ಎಂ.ಎಸ್. (ಮೈಲ್ಡ್ ಸ್ಟೀಲ್) ತುಂಡಿನಲ್ಲಿ ಪೂರ್ತಿ ಅಗಲದ ಸ್ಲಾಟ್, ಆಳ ಒಂದೂವರೆ ಮಿ.ಮೀ. ಕಟರ್ ಕಿರುಚುವುದಿಲ್ಲ, ಗೋಡೆಯ ಮೇಲೆ ಅಲೆ ಬೀಳುವುದಿಲ್ಲ. ಇದೇ ಮಷೀನಿನಲ್ಲಿ ಮೊದಲು 0.3 ಮಿ.ಮೀ. ಆಳಕ್ಕೇ ಟೇಬಲ್ ನಡುಗುತ್ತಿತ್ತು. ಎಕ್ಸ್2 ವರ್ಗದ ಮಿನಿ ಮಿಲ್, ಅಂದರೆ ತಿರುಗುವ ಕಟರಿನಿಂದ ಲೋಹ ಕಡಿಯುವ ಪುಟ್ಟ ಮಷೀನು: ಎಂಟಿ3 ಅಳತೆಯ ಟೇಪರಿನ ಸ್ಪಿಂಡಲ್ (ಕಟರ್ ಹಿಡಿದು ತಿರುಗುವ ದಂಡು), 350 ವ್ಯಾಟಿನ ಡಿ.ಸಿ. ಮೋಟಾರು, ಒಳಗೆ ಪ್ಲಾಸ್ಟಿಕ್ ಗೇರು, ಎಡಬಲಕ್ಕೆ ಓರೆಯಾಗುವ ಕಾಲಮ್, ಅಂದರೆ ಸ್ಪಿಂಡಲ್ ಇರುವ ಹೆಡ್ಡನ್ನು ಹೊತ್ತ ಕಂಬ. ಇಟ್ಟುಕೊಂಡವರಿಗೆಲ್ಲ ಇದರ ಗುಣ ಗೊತ್ತೇ ಇದೆ. ಕಾಲಮಿಗೆ ಎಂ-ಸ್ಯಾಂಡ್ ತುಂಬಿ, ಹೊಲಿಗೆ ಮಷೀನಿನ ಮೋಟಾರು ಹಾಕಿ ಇದನ್ನು ಸರಿಮಾಡುತ್ತೇನೆ ಎಂದಾಗ, ಎಂ-ಸ್ಯಾಂಡ್ ತುಂಬಿದರೆ ಎರಕ ಗಟ್ಟಿಯಾಗುತ್ತದೆಯೇ, ಹೊಲಿಗೆ ಮಷೀನಿನ ಮೋಟಾರು ಉಕ್ಕು ಕಡಿಯುತ್ತದೆಯೇ, ಮಾರಿ ದೊಡ್ಡದು ತಗೊಳ್ಳಿ ಎಂದವರೇ ಹೆಚ್ಚು. ಒಟ್ಟು ಖರ್ಚು 13 ಸಾವಿರದ ಆಸುಪಾಸು. ಅದರಲ್ಲಿ ಸುಮಾರು 1,700 ವ್ಯರ್ಥವಾದದ್ದು. ಎಲ್ಲಿ ವ್ಯರ್ಥವಾಯಿತು ಎಂಬುದನ್ನೂ ಬರೆಯುತ್ತೇನೆ.

ಬಹಳ ಜನ ಮೋಟಾರಿನಿಂದ ಶುರು ಮಾಡುತ್ತಾರೆ. ಅದು ತಪ್ಪು. ಸಡಿಲ ಮಷೀನಿಗೆ ದೊಡ್ಡ ಮೋಟಾರು ಹಾಕಿದರೆ ಚ್ಯಾಟರ್ (ಕಡಿಯುವಾಗಿನ ನಡುಕ) ಜೋರಾಗುತ್ತದೆ, ಅಷ್ಟೇ. ಮೊದಲು ಎಲ್ಲಿ ಸಡಿಲ ಎಂದು ಅಳೆಯಬೇಕು. ಲಗೇಜ್ ತೂಗುವ ಡಿಜಿಟಲ್ ಕೊಕ್ಕೆತಕ್ಕಡಿ ಒಂದು, ಡಯಲ್ (ಮಿ.ಮೀ.ನ ಸಣ್ಣ ಭಾಗವನ್ನು ಮುಳ್ಳಿನಿಂದ ತೋರುವ ಮಾಪಕ) ಒಂದು ಸಾಕು. ಟೇಬಲ್ ಮೇಲೆ ಡಯಲ್ ಕೂರಿಸಿ ಸ್ಪಿಂಡಲ್ ಮೂಗಿಗೆ ತಾಗಿಸಿ, ಹೆಡ್ಡನ್ನು ತಕ್ಕಡಿಯಿಂದ ಮುಂದಕ್ಕೆ 20 ಕೆ.ಜಿ. ಎಳೆದಾಗ ಮುಳ್ಳು ಸುಮಾರು 0.16 ಮಿ.ಮೀ. ಓಡಿತು. ಆಮೇಲೆ ಡಯಲನ್ನು ಬೇಸಿನ ಮೇಲಿಟ್ಟು ಕಾಲಮಿನ ತಳದಿಂದ ತುದಿಯವರೆಗೆ ನಾಲ್ಕು ಕಡೆ ಓದಬೇಕು. ಎತ್ತರಕ್ಕೆ ತಕ್ಕಂತೆ ಒಂದೇ ಸಮನೆ ಏರಿದರೆ ಬುಡದ ಜಾಯಿಂಟ್ ತೂಗಾಡುತ್ತಿದೆ ಎಂದರ್ಥ. ಮೇಲೆ ಹೋದಂತೆಲ್ಲ ಏರಿಕೆ ಹೆಚ್ಚುತ್ತಾ ಹೋದರೆ ಕಾಲಮೇ ಬಾಗುತ್ತಿದೆ. ಇಲ್ಲಿ ಸಿಕ್ಕಿದ್ದು ಮೊದಲನೆಯದು: 0.16ರಲ್ಲಿ ಅರ್ಧಕ್ಕಿಂತ ಹೆಚ್ಚು ಬುಡದ ಆ ಒಂಟಿ ದೊಡ್ಡ ಬೋಲ್ಟಿನ ಜಾಯಿಂಟಿನದು, 0.04ರಷ್ಟು ಹೆಡ್ಡಿನ ಜಿಬ್‌ನದು (ಜಾರುವ ಭಾಗದ ಸಡಿಲ ತೆಗೆಯುವ ಪಟ್ಟಿ), ಉಳಿದದ್ದು ಚಿಲ್ಲರೆ. ಹಾಗಾಗಿ ಕಾಲಮಿಗೆ ಕೈ ಹಾಕದೆ ಮಿಕ್ಕ ಏನು ಮಾಡಿದರೂ ದುಡ್ಡು ದಂಡ.

ಹಿಂಬದಿಗೆ 20 ಮಿ.ಮೀ. ದಪ್ಪದ ಎಂ.ಎಸ್. ಪ್ಲೇಟ್, ಅಗಲ 120, ಎತ್ತರ 380. ಕೆಳಗೆ ಬೇಸಿನ ಹಿಂಬದಿಗೆ 50 ಮಿ.ಮೀ. ಚೌಕದ ಬ್ಲಾಕಿನ ಮೂಲಕ ನಾಲ್ಕು ಎಂ10 ಬೋಲ್ಟು, ಮೇಲೆ ಕಾಲಮಿಗೆ ಆರು ಎಂ8. ಟ್ಯಾಪಿಗೆ 8.5 ಮತ್ತು 6.8ರ ಡ್ರಿಲ್. ಕಾಲಮಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಮೊದಲು 3 ಮಿ.ಮೀ. ತೂತು ಹಾಕಿ ಆಳ ನೋಡಿಕೊಂಡು ಜಾಗ ನಿರ್ಧರಿಸಬೇಕು. ಪ್ಲೇಟನ್ನು ಪೀಣ್ಯದಲ್ಲಿ ಸರ್ಫೇಸ್ ಗ್ರೈಂಡ್ ಮಾಡಿಸಿದ್ದು ಸೇರಿ 1,600 ಆಯಿತು. ನಿಜ ಹೇಳಬೇಕೆಂದರೆ ಆ ಗ್ರೈಂಡಿಂಗ್ ಬೇಕಿರಲಿಲ್ಲ. ಯಾಕೆಂದರೆ ಪ್ಲೇಟ್ ಎಷ್ಟು ಸಪಾಟಾಗಿದ್ದರೂ ಕಾಲಮಿನ ಬೆನ್ನು ಒರಟು ಎರಕ. ನೇರವಾಗಿ ಬಿಗಿದಾಗ ಪ್ಲೇಟ್ ಕಾಲಮನ್ನೇ ಹಿಂದಕ್ಕೆ ಎಳೆಯಿತು, ಟ್ರ್ಯಾಮ್ (ಸ್ಪಿಂಡಲ್ ಟೇಬಲಿಗೆ ಲಂಬವಾಗಿದೆಯೇ ಎಂಬುದು) ನೋಡಿದರೆ ವೈ ದಿಕ್ಕಿನಲ್ಲಿ 150 ಮಿ.ಮೀ.ಗೆ 0.14 ವ್ಯತ್ಯಾಸ. ಶಿಮ್ (ತೆಳು ತಗಡು) ಹಾಕಿ ಸರಿಮಾಡಿದರೆ ಶಿಮ್ ಇರುವ ಕಡೆ ಮಾತ್ರ ತಾಗುತ್ತದೆ, ಬಿಗಿತ ಬರುವುದಿಲ್ಲ.

ಕೆಲಸ ಮಾಡಿದ್ದು ಗ್ರೌಟ್, ಅಂದರೆ ಸಂದಿಗೆ ಎಪಾಕ್ಸಿ ತುಂಬುವುದು. ಪ್ಲೇಟಿನಲ್ಲಿ ಮೂರು ಎಂ6 ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಹಾಕಿ, ಕಾಲಮಿಗೂ ಪ್ಲೇಟಿಗೂ ನಡುವೆ ಒಂದೂವರೆ ಮಿ.ಮೀ. ಸಂದು ಬಿಡಬೇಕು. ಬೋಲ್ಟುಗಳು ಕೈಬಿಗಿ ಮಾತ್ರ. ಈ ಸ್ಥಿತಿಯಲ್ಲಿ ಸ್ಪಿಂಡಲಿಗೆ ಡಯಲ್ ಕಟ್ಟಿ ಎಕ್ಸ್, ವೈ ಎರಡೂ ದಿಕ್ಕಿನ ಟ್ರ್ಯಾಮ್ ಸರಿಮಾಡಿ, ಬುಡದ ದೊಡ್ಡ ಬೋಲ್ಟ್ ಬಿಗಿದು ಮತ್ತೆ ನೋಡಬೇಕು. ಪ್ಲೇಟಿನ ಕಡೆಗೆ ಮೇಣದ ಪಾಲಿಷ್ ತೆಳುವಾಗಿ ಹಚ್ಚಿದರೆ ಮುಂದೆ ಬಿಚ್ಚಲು ಬರುತ್ತದೆ. ಕಾಲಮಿನ ಕಡೆ ಬಣ್ಣ ಪೂರ್ತಿ ಕೆರೆದು, ತಿನ್ನರಿನಿಂದ ಒರೆಸಿ, ಬರಿಯ ಎರಕ ಕಾಣಬೇಕು. ಅಂಚುಗಳನ್ನು ಎಂ-ಸೀಲಿನಿಂದ ಮುಚ್ಚಿ, ಉಕ್ಕಿನ ಪುಡಿ ಬೆರೆತ ಎಪಾಕ್ಸಿಯನ್ನು ದಪ್ಪ ಸಿರಿಂಜಿನಿಂದ ಕೆಳಗಿನಿಂದ ಮೇಲಕ್ಕೆ ತಳ್ಳಬೇಕು. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಬೀಳುತ್ತದೆ. 24 ಗಂಟೆ ಬಿಟ್ಟು, ಗ್ರಬ್ ಸ್ಕ್ರೂ ಹಿಂದೆ ತೆಗೆದು, ಡಯಲ್ ನೋಡುತ್ತಾ ಬೋಲ್ಟ್ ಬಿಗಿಯಬೇಕು. ಮುಳ್ಳು ಒಂದು ಡಿವಿಷನ್ನಿಗಿಂತ ಹೆಚ್ಚು ಅಲುಗಿದರೆ ಗ್ರೌಟ್ ಎಲ್ಲೋ ಟೊಳ್ಳು. ಹತ್ತು ಬೋಲ್ಟನ್ನು ಯಾವ ಕ್ರಮದಲ್ಲಿ ಬಿಗಿಯಬೇಕು ಎಂಬುದು ನನ್ನ ಬಳಿಯೇ ಇರಲಿ. ಡಯಲ್ ಇಟ್ಟುಕೊಂಡು ಎರಡು ಸಲ ಬಿಗಿದವರಿಗೆ ಅದು ಸಿಕ್ಕೇ ಸಿಗುತ್ತದೆ. ಟ್ರ್ಯಾಮ್ ಈಗ 150ಕ್ಕೆ 0.02ರ ಒಳಗಿದೆ. ಕಾಲಮ್ ಓರೆ ಮಾಡುವ ಸೌಲಭ್ಯ ಹೋಯಿತು. ಅದು ನಷ್ಟವಲ್ಲ. ಓರೆ ಬೇಕಾದಾಗ ವೈಸನ್ನೇ ಓರೆ ಕಟ್ಟಿದರಾಯಿತು.

ಕಾಲಮಿನ ಹೊಟ್ಟೆಗೆ ಎಪಾಕ್ಸಿ ಗ್ರಾನೈಟ್ (ಎಪಾಕ್ಸಿಯಲ್ಲಿ ಕಲಸಿದ ಕಲ್ಲಿನ ಚೂರು, ಪುಡಿ) ತುಂಬಿದ್ದು ಇದಕ್ಕಿಂತ ಮೊದಲೇ. ನಮ್ಮ ಕಡೆಯ ಎಂ-ಸ್ಯಾಂಡ್ ಅಂದರೆ ಕ್ವಾರಿಯ ಕಲ್ಲನ್ನೇ ಪುಡಿ ಮಾಡಿದ್ದು, ಹಾಗಾಗಿ ಬೇರೆ ಹುಡುಕಬೇಕಿಲ್ಲ. ಆದರೆ ಅದರಲ್ಲಿರುವ ನಯವಾದ ಧೂಳು ಎಪಾಕ್ಸಿಯನ್ನು ಹೀರಿಬಿಡುತ್ತದೆ. ನೀರು ತಿಳಿಯಾಗುವವರೆಗೆ ತೊಳೆದು, ಎರಡು ದಿನ ಬಿಸಿಲಿಗೆ ಹರವಿ, ಕೊನೆಗೆ ಬಾಣಲೆಯಲ್ಲಿ ಹುರಿಯಬೇಕು. ತೇವ ಉಳಿದರೆ ಎಪಾಕ್ಸಿ ಹಿಡಿಯುವುದಿಲ್ಲ. ಮೂರು ಪಾಲು 4ರಿಂದ 6 ಮಿ.ಮೀ. ಜಲ್ಲಿ ಚೂರು, ಎರಡು ಪಾಲು ಎಂ-ಸ್ಯಾಂಡ್, ತೂಕದಲ್ಲಿ ಶೇ. 12ರಷ್ಟು ಎಪಾಕ್ಸಿ. ಒಟ್ಟು ಹಿಡಿದದ್ದು ಎರಡೂವರೆ ಕೆ.ಜಿ. ಬುಡದ ಬೋಲ್ಟ್ ಹಾದುಹೋಗುವ ಜಾಗಕ್ಕೆ ಗ್ರೀಸ್ ಸವರಿದ ಪಿವಿಸಿ ಪೈಪಿನ ತುಂಡು ಇಡಬೇಕು, ಹೆಡ್ ಏರಿಳಿಸುವ ಹಲ್ಲುಪಟ್ಟಿಯಾದ ರ‍್ಯಾಕಿನ ತೂತುಗಳಿಗೆ ಗ್ರೀಸ್ ಹಚ್ಚಿದ ಬೋಲ್ಟ್. ಕಲಸಿದ್ದನ್ನು ಬೆರಳುದ್ದ ಹಾಕಿ ಕಬ್ಬಿಣದ ಸರಳಿನಿಂದ ಕುಟ್ಟುತ್ತಾ ಹೋಗುವುದು.

ಮೊದಲ ಸಲ ಬೇಗ ಗಟ್ಟಿಯಾಗುವ ಹಾರ್ಡನರ್ ಬಳಸಿದ್ದು ತಪ್ಪಾಯಿತು. ಅಷ್ಟು ಪ್ರಮಾಣ ಒಂದೇ ಕಡೆ ಸೇರಿದಾಗ ಕಾಲಮ್ ಮುಟ್ಟಲಾಗದಷ್ಟು ಕಾದು, ತಣಿದಾಗ ಕುಗ್ಗಿ ಗೋಡೆಯಿಂದ ಬಿಟ್ಟುಕೊಂಡಿತು. ತಟ್ಟಿದರೆ ಟೊಳ್ಳು ಸದ್ದು. ಅದನ್ನು ಉಳಿಯಿಂದ ಒಡೆದು ತೆಗೆಯಲು ಪೂರ್ತಿ ಎರಡು ದಿನ ಹಿಡಿಯಿತು, 700 ರೂಪಾಯಿಯ ಕಿಟ್ ಹೋಯಿತು. ನಿಧಾನದ ಹಾರ್ಡನರ್, ಎರಡು ಕಂತಿನಲ್ಲಿ ತುಂಬುವುದು, ಇವೆರಡೇ ಮದ್ದು. ಇದರಿಂದ ಬಾಗುವುದು ಕಡಿಮೆಯಾಯಿತೇ? ತಕ್ಕಡಿ ಪರೀಕ್ಷೆಯಲ್ಲಿ ಹೆಚ್ಚೇನೂ ಇಲ್ಲ. ಬದಲಾದದ್ದು ಸದ್ದು. ಮೊದಲು ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ಮೊಳಗುತ್ತಿದ್ದ ಕಾಲಮ್ ಈಗ ಮರದ ದಿಮ್ಮಿಯಂತೆ ದಪ್ ಅನ್ನುತ್ತದೆ, ಫ್ಲೈಕಟರ್ (ಒಂದೇ ಹಲ್ಲಿನ ಅಗಲ ಕಟರ್) ಬಿಟ್ಟುಹೋಗುವ ಅಲೆಗಳು ಮಾಯ. ಬಿಗಿತ ಪ್ಲೇಟಿನಿಂದ, ಕಂಪನ ಹೀರುವುದು ತುಂಬಿದ ಕಲ್ಲಿನಿಂದ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಹೆಡ್ಡಿನ ಜಿಬ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿಯ ಉಕ್ಕಿನ ಪಟ್ಟಿ ಬಾಗಿತ್ತು, ಹಿತ್ತಾಳೆಯದು ಮಾಡಿ ಎಲ್ಲಿ ತಾಗುತ್ತದೆ ಎಂದು ತಿಳಿಯಲು ನೀಲಿ ಹಚ್ಚಿ ಉಜ್ಜಿದ್ದಾಯಿತು. ಸ್ಕ್ರೂ ತುದಿ ಕೂರುವ ಗುಳಿಗಳನ್ನು ಜಿಬ್ ಜಾಗದಲ್ಲಿ ಕೂರಿಸಿಯೇ ಡ್ರಿಲ್ ಮಾಡಬೇಕು. ಇಲ್ಲವಾದರೆ ಬಿಗಿದಾಗಲೆಲ್ಲ ಪಟ್ಟಿ ಮೇಲೆ ಕೆಳಗೆ ಜರುಗುತ್ತದೆ.

ಸ್ಪಿಂಡಲಿನಲ್ಲಿದ್ದದ್ದು ಎರಡು 6206 ಬಾಲ್ ಬೇರಿಂಗ್. ಅದೇ ಅಳತೆಯ, 30-62-16ರ, 7206ಬಿ ಆಂಗ್ಯುಲರ್ ಕಾಂಟ್ಯಾಕ್ಟ್ (ದಂಡಿನ ಉದ್ದದ ದಿಕ್ಕಿನ ಒತ್ತಡವನ್ನೂ ತಾಳುವ ಬೇರಿಂಗ್) ನೇರವಾಗಿ ಕೂರುತ್ತದೆ. 30206 ಟೇಪರ್ ರೋಲರ್ ಅಗ್ಗ, ಗಟ್ಟಿಯೂ ಹೌದು, ಆದರೆ ಅಗಲ ಒಂದು ಮಿ.ಮೀ.ಗಿಂತ ಹೆಚ್ಚು ಜಾಸ್ತಿ, ಮೇಲಿನ ವೇಗದಲ್ಲಿ ಬಿಸಿ. ಅಗ್ಗಕ್ಕೆ ಸಿಕ್ಕಿದ ಮೊದಲ ಜೋಡಿ, 700 ರೂಪಾಯಿಯದು, ನಕಲಿ: ಹೆಸರಿನ ಅಕ್ಷರ ಉಗುರಿಗೆ ಅಳಿಸುತ್ತಿತ್ತು, ಕೈಯಲ್ಲಿ ತಿರುಗಿಸಿದರೆ ಮರಳು ಸಿಕ್ಕಂತೆ. ಒಳ್ಳೆಯ ಜೋಡಿಗೆ 2,600ರಷ್ಟು ಆಯಿತು, ಇಲ್ಲಿ ಉಳಿಸಲು ಹೋಗಬೇಡಿ.

ದಿಕ್ಕು ತಪ್ಪಿಸಬೇಡಿ. ಹೊರ ರಿಂಗಿನ ಅಗಲದ ಮುಖಗಳು ಹೆಡ್ಡಿನ ಒಳಗೆ ಒಂದಕ್ಕೊಂದು ಎದುರಾಗಿರಬೇಕು, ಅಂದರೆ ಎರಡೂ ಒಳಗಿನ ಅಂಚಿಗೆ ಒತ್ತಿರಬೇಕು. ಉಲ್ಟಾ ಹಾಕಿದರೆ ನಟ್ ಎಷ್ಟು ಬಿಗಿದರೂ ಪ್ಲೇ (ಸಡಿಲ) ಹೋಗುವುದಿಲ್ಲ. ಹೊರ ರಿಂಗ್ ಕೂರಿಸುವಾಗ ಒಳ ರಿಂಗಿಗೆ ಒತ್ತಡ ಕೊಟ್ಟರೆ ಗುಂಡುಗಳು ಹಾದಿಯಲ್ಲಿ ಗುಳಿ ಬೀಳಿಸುತ್ತವೆ. ಸುತ್ತಿಗೆ ದೂರವಿಟ್ಟು, ಎಂ16 ಸ್ಟಡ್ ಮತ್ತು ಪೈಪಿನ ತುಂಡುಗಳಿಂದ ಎಳೆದು ಕೂರಿಸಿದ್ದು. ಗ್ರೀಸ್ ಮೂರನೇ ಒಂದು ಭಾಗ ಮಾತ್ರ. ಇವಕ್ಕೆ ಮುಚ್ಚಳ ಇಲ್ಲದ್ದರಿಂದ ಕೆಳಗೆ ಫೆಲ್ಟ್ ರಿಂಗ್ ಬೇಕೇಬೇಕು. ಪ್ರೀಲೋಡಿಗೆ (ನಟ್ ಬಿಗಿದು ಬೇರಿಂಗಿಗೆ ಮೊದಲೇ ಕೊಡುವ ಒತ್ತಡಕ್ಕೆ) ಥರ್ಮಾಮೀಟರೇ ಗುರು: ಮೇಲಿನ ವೇಗದಲ್ಲಿ ಅರ್ಧ ಗಂಟೆ ಓಡಿಸಿ ಹೆಡ್ಡಿನ ಮೂಗು 45ರಿಂದ 50 ಡಿಗ್ರಿಯಲ್ಲಿ ನಿಂತರೆ ಸರಿ, 60 ದಾಟಿದರೆ ನಟ್ಟನ್ನು ಕೂದಲೆಳೆಯಷ್ಟು ಸಡಿಲಿಸಿ. ಟೇಪರಿನ ಒಳಗಿನ ರನೌಟ್ (ತಿರುಗುವಾಗಿನ ಓಲಾಟ) 0.02ರಷ್ಟಿದ್ದದ್ದು ಈಗ ಅರ್ಧ ಡಿವಿಷನ್. ಈ ಗಾತ್ರದ ಮಷೀನಿನಲ್ಲಿ ಇದಕ್ಕಿಂತ ಉತ್ತಮ ಓದು ನಾನು ಕಂಡಿಲ್ಲ.

ಕೊನೆಗೆ ಮೋಟಾರು. ಬೆಂಗಳೂರಿನಲ್ಲಿ ಗಾರ್ಮೆಂಟ್ ಕಾರ್ಖಾನೆಗಳಿಗೆ ಲೆಕ್ಕವಿಲ್ಲ, ಅವುಗಳ ಹಳೆಯ ಹೊಲಿಗೆ ಮಷೀನಿನ 750 ವ್ಯಾಟ್ ಸರ್ವೋ ಮೋಟಾರು ಕಂಟ್ರೋಲರ್ ಸಮೇತ 3,500ಕ್ಕೆ ಸಿಕ್ಕಿತು. ಬ್ರಷ್ ಇಲ್ಲ, ಸದ್ದಿಲ್ಲ, ತಿರುಗುವ ದಿಕ್ಕು ಮತ್ತು ಗರಿಷ್ಠ ವೇಗ ಸೆಟ್ಟಿಂಗಿನಲ್ಲೇ ಬದಲಾಗುತ್ತದೆ. ಗರಿಷ್ಠವನ್ನು 3,000ಕ್ಕೆ ಕಟ್ಟಿಹಾಕಿದೆ. ಶಾಫ್ಟ್ ಕೆಲವದರಲ್ಲಿ ನೇರ, ಕೆಲವದರಲ್ಲಿ ಟೇಪರ್, ಅಳೆದ ಮೇಲೆಯೇ ಪುಲ್ಲಿ ಬೋರ್ ಮಾಡಿ. ಪೆಡಲ್ ಲಿವರಿನ ಹಾಲ್ ಸೆನ್ಸರ್ (ಆಯಸ್ಕಾಂತ ಗುರುತಿಸುವ ಸೆನ್ಸರ್) ಜಾಗಕ್ಕೆ 10ಕೆ ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿದರೆ ವೇಗ ಕೈಯಲ್ಲಿ. ಎಚ್ಚರಿಕೆ: ಕೆಲವು ಕಂಟ್ರೋಲರುಗಳಲ್ಲಿ ಈ ಸಿಗ್ನಲ್ ತಂತಿಗೂ ಮೇನ್ಸಿಗೂ ನಡುವೆ ಐಸೊಲೇಶನ್ ಇರುವುದಿಲ್ಲ. ತಂತಿಯಿಂದ ಅರ್ತಿಂಗಿಗೆ ಮೀಟರ್ ಹಿಡಿದು ನೋಡಿ. ಏನೇ ಇದ್ದರೂ ಪ್ಲಾಸ್ಟಿಕ್ ದಂಡಿನ ಪಾಟನ್ನೇ ಹಾಕಿ, ಬೇರೆ ಎಮರ್ಜೆನ್ಸಿ ಸ್ವಿಚ್ಚನ್ನು ಮೇನ್ಸಿನಲ್ಲೇ ಕೊಡಿ.

ಗೇರು ಪೂರ್ತಿ ತೆಗೆದು ಪಾಲಿ-ವಿ (ಉದ್ದಕ್ಕೂ ಗೀರುಗಳಿರುವ) ಬೆಲ್ಟ್: ಜೆ ಸೆಕ್ಷನ್, ಆರು ಗೀರು, 210ಜೆ, ಅಂದರೆ 533 ಮಿ.ಮೀ. ಮೋಟಾರಿನ ಪುಲ್ಲಿ 40 ಮತ್ತು 70, ಸ್ಪಿಂಡಲಿನದು 100 ಮತ್ತು 70. ಎರಡೂ ಜೋಡಿಯ ಮೊತ್ತ 140 ಆದ್ದರಿಂದ ಒಂದೇ ಬೆಲ್ಟ್ ಎರಡಕ್ಕೂ ಆಗುತ್ತದೆ, ಕೇಂದ್ರದ ಅಂತರ ಮೂರು ಮಿ.ಮೀ.ನಷ್ಟೇ ಬದಲು. ಗೀರಿನ ಪಿಚ್ 2.34, ಕೋನ 40 ಡಿಗ್ರಿ, ಟೂಲ್ ತುದಿ ಸಾಣೆ ಹಿಡಿದು ಲೇತಿನಲ್ಲೇ ಕಡಿಯಬಹುದು. ಹಲ್ಲಿನ ಟೈಮಿಂಗ್ ಬೆಲ್ಟ್ ಯಾಕೆ ಹಾಕಲಿಲ್ಲ ಎಂದು ಕೇಳುವವರಿಗೆ: ಕಟರ್ ಸಿಕ್ಕಿಕೊಂಡಾಗ ಪಾಲಿ-ವಿ ಜಾರುತ್ತದೆ, ಕಟರ್ ಉಳಿಯುತ್ತದೆ. ಟೈಮಿಂಗ್ ಬೆಲ್ಟ್ ಜಾರುವುದಿಲ್ಲ.

ಒಂದು ಅಡ್ಡ ಪ್ರಯೋಗ. ಕಡಿಮೆ ವೇಗದಲ್ಲಿ ಫ್ಲೈಕಟರ್ ಒಂದೊಂದು ಏಟಿಗೂ ಸರ್ವೋ ವೇಗ ಏರಿಳಿಸುತ್ತಿತ್ತು. ಅಲ್ಯೂಮಿನಿಯಂ ಪುಲ್ಲಿಯ ಮೇಲೆ ಒಂದೂವರೆ ಕೆ.ಜಿ.ಯ ಎಂ.ಎಸ್. ಬಳೆ ಕೂರಿಸಿದ್ದೇ ತಡ, ಓಟ ನಯವಾಯಿತು. ಆದರೆ ಹೊಲಿಗೆ ಸರ್ವೋ ನಿಲ್ಲಿಸುವಾಗ ಬ್ರೇಕ್ ಹಿಡಿಯುತ್ತದೆ. ಬಳೆಯ ಶಕ್ತಿಯೆಲ್ಲ ಹಿಂದಕ್ಕೆ ನುಗ್ಗಿ ಕಂಟ್ರೋಲರ್ ಓವರ್‌ವೋಲ್ಟೇಜ್ ಎಂದು ಬಿದ್ದುಹೋಯಿತು. ಬ್ರೇಕಿನ ಸೆಟ್ಟಿಂಗ್ ಅತಿ ಕಡಿಮೆ ಮಾಡಿ, ಪಾಟನ್ನು ನಿಧಾನಕ್ಕೆ ಇಳಿಸಿದರೆ ತೊಂದರೆಯಿಲ್ಲ. ಬಳೆಯನ್ನು ಬ್ಯಾಲೆನ್ಸ್ ಮಾಡಿದ ರೀತಿಯಲ್ಲಿ ಒಂದು ಗುಟ್ಟಿದೆ, ಅದು ಇನ್ನೂ ಪೂರ್ತಿ ಪಕ್ವವಾಗಿಲ್ಲ.

ಹೆಡ್ ಭಾರವಾದ್ದರಿಂದ ಹಳೆಯ ಸ್ಪ್ರಿಂಗ್ ಸೋತಿತು. ಅಡುಗೆಮನೆ ಕಪಾಟಿಗೆ ಹಾಕುವ 100 ನ್ಯೂಟನ್ನಿನ ಗ್ಯಾಸ್ ಲಿಫ್ಟ್ ಎರಡು ಹಾಕಿದೆ, 300 ರೂಪಾಯಿ ದಂಡ, ಹೆಡ್ ನಿಲ್ಲಲಿಲ್ಲ. ಕಾರಿನ ಡಿಕ್ಕಿಯ ಗ್ಯಾಸ್ ಸ್ಟ್ರಟ್ ಒಂದನ್ನು 600ಕ್ಕೆ ತಂದ ಮೇಲೆ ಹೆಡ್ ಬಿಟ್ಟಲ್ಲೇ ನಿಲ್ಲುತ್ತದೆ, ಬೆರಳಲ್ಲಿ ಏರುತ್ತದೆ. ಸ್ಟ್ರಟ್ಟನ್ನು ದಂಡು ಕೆಳಮುಖವಾಗಿಯೇ ಕಟ್ಟಬೇಕು, ಸೀಲಿಗೆ ಎಣ್ಣೆ ತಾಗಿ ಬಾಳಿಕೆ ಬರುತ್ತದೆ.

ಎಲ್ಲ ಮುಗಿದ ಮೇಲೆ ಅದೇ ತಕ್ಕಡಿ, ಅದೇ 20 ಕೆ.ಜಿ.: ಮುಳ್ಳು 0.05ರ ಹತ್ತಿರ ನಿಲ್ಲುತ್ತದೆ. ಅಲ್ಯೂಮಿನಿಯಮಿನಲ್ಲಿ 10 ಮಿ.ಮೀ. ಕಟರಿಗೆ 4 ಮಿ.ಮೀ. ಆಳದ ಸ್ಲಾಟ್ ಸಲೀಸು. ಮೂರು ತಿಂಗಳ ಬಳಿಕ ಹಿಂಬದಿಯ ಎಂ8 ಬೋಲ್ಟುಗಳಲ್ಲಿ ಎರಡು ಮಾತ್ರ ತಲಾ ಕಾಲು ಸುತ್ತು ಬಿಗಿ ಹಿಡಿದವು, ಟ್ರ್ಯಾಮ್ ಅಲುಗಿರಲಿಲ್ಲ. ಉಳಿದಿರುವುದು ವೈ ಸ್ಕ್ರೂವಿನ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸಿದಾಗ ಸ್ಕ್ರೂ ಖಾಲಿ ತಿರುಗುವುದು), ಸುಮಾರು 0.12. ಅದಕ್ಕೆ ಸೀಳಿದ ಗನ್‌ಮೆಟಲ್ ನಟ್ ಲೇತಿನ ಮೇಲಿದೆ.