ಬೆಂಗಳೂರಿನ ಚಳಿಯಲ್ಲಿ ಸ್ಪಿರುಲಿನಾ: ಬೆಳಗ್ಗೆ ನೆರಳು ಕೊಟ್ಟೆ, ತೊಟ್ಟಿ ಉಳಿಯಿತು

ಸ್ಪಿರುಲಿನಾ ಅಂದರೆ ಒಣಗಿಸಿ ಪುಡಿ ಮಾಡಿ ತಿನ್ನುವ, ಸುರುಳಿ ಎಳೆಯ ನೀಲಿಹಸಿರು ಪಾಚಿ. ಅದಕ್ಕೆ 35 ಡಿಗ್ರಿ ಬೇಕು, ಡಿಸೆಂಬರ್ ಬಂದರೆ ಬೆಂಗಳೂರಲ್ಲಿ ತೊಟ್ಟಿ ಖಾಲಿ ಮಾಡಬೇಕು, ಇಲ್ಲಾ ರಾಯಚೂರಿಗೆ ಹೋಗಬೇಕು ಅಂತ ಎಲ್ಲರೂ ಹೇಳಿದ್ದರು. ಹೊಸಕೋಟೆ ಪಕ್ಕದ ನನ್ನ ತೊಟ್ಟಿಗಳು ಕಳೆದ ಚಳಿಗಾಲ ಪೂರ್ತಿ ಓಡಿವೆ. ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕು ರೇಸ್‌ವೇ ತೊಟ್ಟಿ (ನೀರು ಸುತ್ತುತ್ತಲೇ ಇರುವ ಉದ್ದನೆಯ ತೊಟ್ಟಿ), ಒಂದೊಂದು ಸುಮಾರು 60 ಚದರ ಮೀಟರ್, ಮೇಲೆ ಪಾಲಿಹೌಸ್. ಮೊದಲ ಚಳಿಗಾಲದಲ್ಲಿ ಬೆಳಗ್ಗೆ ನೀರು 16-17 ಡಿಗ್ರಿ ಇರುತ್ತಿತ್ತು, ಬಿಸಿಲು ಮಾತ್ರ ಚುರುಕು. ನೋಡನೋಡುತ್ತ ಕಡುಹಸಿರು ಹೋಗಿ ಹಳದಿಗೆ ತಿರುಗಿತು, ಅಂಚಿನಲ್ಲಿ ನೊರೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಸುರುಳಿಗಳೆಲ್ಲ ತುಂಡು ತುಂಡು. ಎರಡು ತೊಟ್ಟಿ ಹೋದವು. ಸ್ಪಿರುಲಿನಾ ಬೆಳೆಸುವ ನೀರಿಗೆ ಝರೂಕ್ ಅನ್ನುವ ಲೆಕ್ಕವಿದೆ, ಅದರಂತೆ ಲೀಟರ್‌ಗೆ 16.8 ಗ್ರಾಂ ಸೋಡಿಯಂ ಬೈಕಾರ್ಬನೇಟ್ ಹಾಕಿದ್ದೆ, ಅಂದರೆ 12,000 ಲೀಟರ್ ತೊಟ್ಟಿಗೆ 200 ಕಿಲೋ. ನೈಟ್ರೇಟ್, ಬೀಜ (ಹೊಸದಾಗಿ ಬಿಡುವ ಪಾಚಿ) ಎಲ್ಲ ಸೇರಿ ಮೂವತ್ತು ಸಾವಿರದ ಮೇಲೆ ಹೋಯಿತು.

ಹೀಟರ್ ಹಾಕು ಅಂದರು. ಲೆಕ್ಕ ಹಾಕಿದೆ. ಒಂದು ತೊಟ್ಟಿಯ ನೀರನ್ನು 10 ಡಿಗ್ರಿ ಏರಿಸಲು 140 ಯೂನಿಟ್ ಕರೆಂಟ್ ಬೇಕು. ಆ ತೊಟ್ಟಿ ದಿನಕ್ಕೆ ಕೊಡುವುದು ಅರ್ಧ ಕಿಲೋ ಒಣ ಪುಡಿಯೂ ಇಲ್ಲ!

ಅಸಲಿಗೆ ಕೊಲ್ಲುತ್ತಿದ್ದುದು ಬರೀ ಚಳಿಯಲ್ಲ, ತಣ್ಣೀರಿನ ಮೇಲೆ ಬೀಳುವ ಬೆಳಗಿನ ಬಿಸಿಲು. ತಣ್ಣಗಿರುವ ಜೀವಕೋಶ ಅಷ್ಟು ಬೆಳಕನ್ನು ಬಳಸಲಾರದು, ಸುಟ್ಟುಹೋಗುತ್ತದೆ. ಹಾಗಾಗಿ ನೀರು 20 ಡಿಗ್ರಿ ದಾಟುವವರೆಗೂ 50 ಪರ್ಸೆಂಟ್ ಶೇಡ್ ನೆಟ್ ಎಳೆದೆ. "ಅಣ್ಣಾ, ಬಿಸಿಲು ಬೇಕಾದ ಪಾಚಿಗೆ ನೆರಳಾ?" ಅಂತ ಕೆಲಸದ ಹುಡುಗನೇ ಕೇಳಿದ. ಆಳವನ್ನು 20 ಸೆಂಟಿಮೀಟರ್‌ನಿಂದ 13ಕ್ಕೆ ಇಳಿಸಿದೆ, ನೀರು ಬೇಗ ಕಾಯಲಿ ಅಂತ. ಸಂಜೆ ನಾಲ್ಕಕ್ಕೇ ಪಾಲಿಹೌಸ್ ಪರದೆ ಇಳಿಸುತ್ತೇನೆ. ಈಗ ಚಳಿಗಾಲದಲ್ಲೂ ಚದರ ಮೀಟರ್‌ಗೆ ದಿನಕ್ಕೆ 6 ಗ್ರಾಂ ಹತ್ತಿರ ಬರುತ್ತಿದೆ, ಬೇಸಿಗೆಯಲ್ಲಿ 9-10. ನೆಟ್, ಹಗ್ಗ, ರಾಟೆ ಎಲ್ಲ ಸೇರಿ ಹದಿನೈದು ಸಾವಿರ ಆಗಿರಬಹುದು, ಅಷ್ಟೇ. ಸೋಡಿಯಂ ನೈಟ್ರೇಟ್ ಬದಲು ಏನು ಹಾಕುತ್ತೇನೆ, ಎಷ್ಟು ಹಾಕುತ್ತೇನೆ ಅನ್ನೋದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಬೋರ್ ನೀರು ಗಡಸು. ನೀರಿನ ಕ್ಷಾರ ತೋರಿಸುವ ಪಿಎಚ್ 10ಕ್ಕೆ ಹೋದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಇಳಿಯುತ್ತದೆ, ಎಳೆಗಳೂ ಅದಕ್ಕಂಟಿ ತಳ ಸೇರುತ್ತವೆ. ನಾನು ಪಾಲಿಹೌಸ್ ಮೇಲಿನ ಮಳೆನೀರನ್ನೇ ಹಿಡಿದಿಡುತ್ತೇನೆ.

ಪಾಚಿಯ ಎಣ್ಣೆಯಿಂದ ಡೀಸೆಲ್ ಮಾಡುವ ಆಸೆಗೆ ಒಂದು ತೊಟ್ಟಿಯಲ್ಲಿ ಕ್ಲೋರೆಲ್ಲಾ ಅನ್ನೋ ಹಸಿರು ಪಾಚಿಯನ್ನೂ ಬೆಳೆಸಿದೆ. ಪಾಚಿ ತಿನ್ನುವ ರೋಟಿಫರ್ ಅನ್ನೋ ಸೂಕ್ಷ್ಮಜೀವಿ ಬಂದು ಎರಡೇ ದಿನದಲ್ಲಿ ನೀರು ತಿಳಿ ಮಾಡಿಬಿಟ್ಟಿತು. ಉಳಿದಾಗಲೂ ಕಷ್ಟವೇ. ನೈಟ್ರೋಜನ್ ನಿಲ್ಲಿಸಿದರೆ ಎಣ್ಣೆ ಜಾಸ್ತಿ, ಆದರೆ ಬೆಳವಣಿಗೆ ನಿಲ್ಲುತ್ತದೆ. ಕೋಶ 10 ಮೈಕ್ರಾನ್‌ಗಿಂತ ಚಿಕ್ಕದು, ಬಟ್ಟೆಯಲ್ಲಿ ನಿಲ್ಲಲ್ಲ, ನೀರನ್ನು ಜೋರಾಗಿ ತಿರುಗಿಸಿ ಪಾಚಿ ಬೇರೆ ಮಾಡುವ ಸೆಂಟ್ರಿಫ್ಯೂಜ್ ಯಂತ್ರದ ಕರೆಂಟೇ ಎಣ್ಣೆಗಿಂತ ದುಬಾರಿ. ಅಮೆರಿಕದವರೇ 1978ರಲ್ಲಿ ಶುರುಮಾಡಿದ ಪಾಚಿ ಇಂಧನದ ಯೋಜನೆಯನ್ನು 1996ರಲ್ಲಿ ನಿಲ್ಲಿಸಿದರು. ಸ್ಪಿರುಲಿನಾ ಹಾಗಲ್ಲ. ಬಟ್ಟೆಯಲ್ಲಿ ಸೋಸಿ, ಹಿಂಡಿ, ಶ್ಯಾವಿಗೆ ಒರಳಲ್ಲಿ ಒತ್ತಿ ಒಣಗಿಸಿದರೆ ಆಯಿತು. ಕಿಲೋಗೆ 800 ಸಿಕ್ಕರೂ ಬೈಕಾರ್ಬನೇಟ್, ಕರೆಂಟ್, ಕೂಲಿ ಕಳೆದು ಕೈಗೆ ಒಂದಿಷ್ಟು ಉಳಿಯುತ್ತದೆ.

ಈ ಸಲ ಮಾಡುವವರು ದೀಪಾವಳಿಗೆ ಮುಂಚೆಯೇ ನೆಟ್ ಕಟ್ಟಿ. ಥರ್ಮಾಮೀಟರ್ ಗೋಡೆಗೆ ಬೇಡ, ನೀರೊಳಗೆ ಇಡಿ.