ಹಣ್ಣು ಕೀಳೋ ಹೊತ್ತಿಗೆ ತಡೆಯಾಜ್ಞೆ ಕೈಯಲ್ಲಿತ್ತು

ಶ್ರೀನಿವಾಸಪುರದ ಕೋರ್ಟಿನಲ್ಲಿ ತೀರ್ಪು ಬಂದಾಗ ಫೆಬ್ರವರಿ, ತೋಟದ ತುಂಬ ಮಾವಿನ ಹೂವು. ಪಕ್ಕದ ಜಮೀನಿನವರ ದಾವೆ ಡಿಕ್ರಿ ಆಯಿತು, ಅಂದರೆ ಅವರ ಪರವಾಗಿ ಕೋರ್ಟಿನ ಆದೇಶ ಆಯಿತು. ಬದುವಿನ ಕಡೆಯ 8 ಗುಂಟೆ, ಅದರಲ್ಲಿ ನಮ್ಮಪ್ಪ ನೆಟ್ಟ 7 ಬಾದಾಮಿ ಮಾವಿನ ಮರ ಬಿಟ್ಟುಕೊಡಬೇಕು. ನನಗೆ ಅಲ್ಲೇ ಅಳು ಬಂತು. ವಕೀಲರು, "ನೋಡಪ್ಪಾ, ಬೇಜಾರು ಆಮೇಲೆ. ಮೊದ್ಲು ತೀರ್ಪಿನ ನಕಲಿಗೆ ಅರ್ಜಿ ಹಾಕೋಣ" ಅಂದರು.

ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಮೇಲ್ಮನವಿಗೆ ಇರುವುದು 30 ದಿನ. ತೀರ್ಪು, ಡಿಕ್ರಿಗಳ ನಕಲು ತಯಾರಾಗಲು ಹಿಡಿದ ದಿನಗಳನ್ನು ಆ 30 ದಿನದ ಲೆಕ್ಕಕ್ಕೆ ಸೇರಿಸುವುದಿಲ್ಲ. ನಕಲಿಗೆ ಅರ್ಜಿ ಹಾಕದೆ ನಾವು ಕೂತ ದಿನಗಳು ಲೆಕ್ಕಕ್ಕೆ ಸೇರುತ್ತವೆ.

ನಾನು 6 ಪುಟ ಬರೆದುಕೊಂಡು ಹೋಗಿದ್ದೆ, ಪಕ್ಕದವರು ಕೊಟ್ಟ ಕಾಟವೆಲ್ಲ. ವಕೀಲರು ಓದಿ ಪಕ್ಕಕ್ಕಿಟ್ಟರು. "ತೀರ್ಪು ಎಲ್ಲಿ ತಪ್ಪಿದೆ, ಅದನ್ನ ಸಾಕ್ಷಿಯಲ್ಲಿ ತೋರ್ಸು." ಎರಡು ಸಂಜೆ ಕೂತು ಹೇಳಿಕೆಗಳನ್ನು ಸಾಲುಸಾಲಾಗಿ ಓದಿದೆವು. ಪಕ್ಕದವರ ಸರ್ವೆ ನಕ್ಷೆ ಮಾಡುವಾಗ ನಮಗೆ ನೋಟಿಸೇ ಬಂದಿರಲಿಲ್ಲ. ಅಳೆದ ಸರ್ವೆಯರನ್ನು ಕಟಕಟೆಗೆ ಕರೆಸಿರಲಿಲ್ಲ. ನಮ್ಮ ವಕೀಲರು ಪ್ರಶ್ನೆ ಕೇಳಿದ ಪಾಟೀ ಸವಾಲಿನಲ್ಲಿ ಪಕ್ಕದವರೇ, ಬದುವಿನ ಕಲ್ಲು ಹಳೇದು ಅಂತ ಒಪ್ಪಿದ್ದರು. ತೀರ್ಪಿನಲ್ಲಿ ಆ ಮಾತೇ ಇಲ್ಲ. ಇಷ್ಟು ಸಿಕ್ಕಿದ ಮೇಲೆ ನನಗೆ ಜೀವ ಬಂತು. ಸಾಕ್ಷಿಯನ್ನು ಮತ್ತೆ ತೂಗಿ ನೋಡುವುದು ಈ ಮೊದಲ ಮೇಲ್ಮನವಿಯಲ್ಲೇ. ಹೈಕೋರ್ಟಿನ ಎರಡನೇ ಮೇಲ್ಮನವಿಗೆ ಕಾನೂನಿನ ಗಣನೀಯ ಪ್ರಶ್ನೆಯೇ, ಅಂದರೆ ಕಾನೂನನ್ನೇ ಕುರಿತ ಮಹತ್ವದ ಪ್ರಶ್ನೆಯೇ ಬೇಕು.

ಜಮೀನಿನ ಹಳೇ ಟಿಪ್ಪಣಿಯ (ಸರ್ವೆ ಅಳತೆಯ ದಾಖಲೆ) ನಕಲನ್ನು ಕೆಳಗಿನ ಕೋರ್ಟಿನಲ್ಲೇ ಕೊಡಬೇಕಿತ್ತು. ಆ ತಪ್ಪು ನನ್ನದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 27ರಡಿ ಹೊಸ ದಾಖಲೆಗೆ ಅರ್ಜಿ ಹಾಕಿದೆವು. ಮೊದಲೇ ಯಾಕೆ ತರಲಿಲ್ಲ ಅನ್ನುವುದಕ್ಕೆ ಬಲವಾದ ಕಾರಣ ಕೇಳುತ್ತಾರೆ.

ಮೇಲ್ಮನವಿ ಹಾಕಿದರೆ ಡಿಕ್ರಿ ತಾನಾಗಿ ನಿಲ್ಲುತ್ತೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್). ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಅಂತ ಎದುರಿನವರು ಮೊದಲೇ ಕೇವಿಯಟ್ ಹಾಕಿದ್ದರಿಂದ ಅವರ ವಾದವನ್ನೂ ಕೇಳಿದರು. ಆ 7 ಮರದ ಹಣ್ಣಿನ ಲೆಕ್ಕ ಇಡಬೇಕು, ಜಾಮೀನು ಕೊಡಬೇಕು ಅನ್ನುವ ಷರತ್ತಿನ ಮೇಲೆ ತಡೆ ಸಿಕ್ಕಿತು. ಮೇ ತಿಂಗಳಲ್ಲಿ ಕಾಯಿ ಕಿತ್ತ ಪ್ರತಿ ಕ್ರೇಟನ್ನೂ ನನ್ನ ಹೆಂಡತಿ ನೋಟ್‌ಬುಕ್ಕಿನಲ್ಲಿ ಬರೆದಳು.

ಎರಡು ವರ್ಷವಾದ ಮೇಲೆ ಡಿಕ್ರಿ ರದ್ದಾಯಿತು. ಕೋರ್ಟೇ ನೇಮಿಸುವ ಕಮಿಷನರ್ ಕೈಲಿ ಅಳೆಸಿ ಹೊಸದಾಗಿ ತೀರ್ಮಾನಿಸಿ ಅಂತ ದಾವೆ ಕೆಳಗಿನ ಕೋರ್ಟಿಗೆ ವಾಪಸು ಬಂತು. ಮೊನ್ನೆ ಕಮಿಷನರ್ ಬಂದಾಗ, ಹುಲ್ಲು ಕಿತ್ತು ಆ ಹಳೇ ಕಲ್ಲನ್ನು ನಾನೇ ತೋರಿಸಿದೆ.